ಹಸುಗೂಸಿನ ಗೊರಗೊರ ಸದ್ದು ಮತ್ತು ದಾರಿ ತಪ್ಪಿದ ಧಮನಿ

ನಮ್ಮ ಊರುಗಳ ಕಡೆ ‘ಮಿರಗ’ ಎನ್ನುವ ಮೃಗಶಿರಾ ಮಳೆ ಕೂಡುವ ಹೊತ್ತಿಗೆ, ಜೂನ್ ತಿಂಗಳ ಮೊದಲ ಭಾಗದಲ್ಲಿ, ನಾಂಪಲ್ಲಿಯ ಪ್ರದರ್ಶನ ಮೈದಾನದಲ್ಲಿ ಉಬ್ಬಸಕ್ಕೆಂದು ಮೀನಿನ ಮದ್ದು ಹಂಚುವುದನ್ನು ಕೂಕಟ್‌ಪಲ್ಲಿಯ ಕನ್ನಡಿಗರು ಬಲ್ಲರು. ಜೀವಂತ ಮರಿಮೀನನ್ನು ನುಂಗಿಸುವ ಆ ಸಾಲಿನಲ್ಲಿ ಮಕ್ಕಳೂ ಇರುತ್ತಾರೆ. ಮದ್ದಿನ ಗುಣಾವಗುಣಗಳ ಚರ್ಚೆ ಇಲ್ಲಿ ಬೇಡ. ಆದರೆ ಮಗುವಿಗಿರುವುದು ಉಬ್ಬಸವೇ ಹೌದೇ ಎಂಬುದು ಮೊದಲು ನಿಶ್ಚಯವಾಗಬೇಕು. ಏಕೆಂದರೆ ಕೆಲವೇ ಕೆಲವು ಶಿಶುಗಳಲ್ಲಿ ಆ ಸದ್ದಿಗೆ ಕಾರಣ ಒಂದು ರಕ್ತನಾಳ.

ಹೃದಯದಿಂದ ಹೊರಡುವ ಫುಪ್ಫುಸ ಧಮನಿಯು ಎರಡಾಗಿ ಕವಲೊಡೆದು ಎಡಬಲದ ಶ್ವಾಸಕೋಶಗಳಿಗೆ ಅಶುದ್ಧ ರಕ್ತವನ್ನು ಒಯ್ಯುತ್ತದೆ. ಸಹಜವಾಗಿ ಯಾವ ಕವಲೂ ಶ್ವಾಸನಾಳದ ಹಿಂದೆ ಹಾಯುವುದಿಲ್ಲ. ಬಹು ಅಪರೂಪವಾಗಿ, ಗರ್ಭಾವಸ್ಥೆಯಲ್ಲಿಯೇ, ಎಡಗವಲು ಬಲಗವಲಿನಿಂದ ಹುಟ್ಟಿ, ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ನುಸುಳಿ ಎಡಕ್ಕೆ ತಿರುಗುತ್ತದೆ. ಮುರಿದ ಕೈಯನ್ನು ಹೊರುವ ಬಟ್ಟೆಯ ಜೋಲಿಯಂತೆ ಧಮನಿಯು ಶ್ವಾಸನಾಳವನ್ನು ಬಳಸಿರುವುದರಿಂದ ವೈದ್ಯರು ಇದಕ್ಕೆ ‘ಸ್ಲಿಂಗ್’ ಎಂದು ಹೆಸರಿಟ್ಟಿದ್ದಾರೆ. 1897ರಲ್ಲಿ ಜರ್ಮನಿಯ ವೈದ್ಯರು ಇದನ್ನು ಮೊದಲು ವರ್ಣಿಸಿದರು.

ನವಜಾತ ಶಿಶುವಿನ ಶ್ವಾಸನಾಳದ ಒಳ ಅಗಲ ಸುಮಾರು 4ರಿಂದ 5 ಮಿಲಿಮೀಟರು ಮಾತ್ರ. ನಳಿಕೆಯ ಅಗಲ ಅರ್ಧವಾದರೆ ಅದರಲ್ಲಿ ಗಾಳಿ ನಯವಾಗಿ ಹರಿಯಲು ಇರುವ ಅಡ್ಡಿ ಎರಡು ಪಟ್ಟಲ್ಲ, 16 ಪಟ್ಟು ಹೆಚ್ಚುತ್ತದೆ. ಸಾಲದುದಕ್ಕೆ ಇಂತಹ ಹಲವು ಮಕ್ಕಳಲ್ಲಿ ಶ್ವಾಸನಾಳದ ಮೃದ್ವಸ್ಥಿಯ ಉಂಗುರಗಳು ಹಿಂಬದಿಯಲ್ಲಿ ತೆರೆದಿರದೆ ಪೂರ್ಣ ವೃತ್ತವಾಗಿದ್ದು, ನಾಳವೇ ಕಿರಿದಾಗಿರುತ್ತದೆ.

ಹುಟ್ಟಿದ ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಆರಂಭವಾದ ಸದ್ದು. ಹಾಲು ಕುಡಿಯುವಾಗ, ಅಳುವಾಗ, ನೆಗಡಿಯಾದಾಗ ಏರುವ ಸದ್ದು. ಉಬ್ಬಸದ ಔಷಧಿಗೆ ಜಗ್ಗದ ಸದ್ದು. ಕತ್ತನ್ನು ಹಿಂದಕ್ಕೆ ಚಾಚಿ ಮಲಗುವ ಮಗು. ಇವನ್ನು ಕಂಡ ತಾಯಿ ‘ಧೂಳಿನ ಊರು, ದೊಡ್ಡದಾದ ಮೇಲೆ ಸರಿಹೋಗುತ್ತದೆ’ ಎಂಬ ನೆರೆಹೊರೆಯವರ ಸಮಾಧಾನಕ್ಕೆ ಕಿವಿಗೊಡಬಾರದು. ಉಸಿರಾಡುವಾಗ ಪಕ್ಕೆ ಒಳಸೇದಿದರೆ, ತುಟಿ ನೀಲಿಗಟ್ಟಿದರೆ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ಯಬೇಕು.

ಬೇರಿಯಂ ಕುಡಿಸಿ ತೆಗೆದ ಕ್ಷ-ಕಿರಣ ಚಿತ್ರದಲ್ಲಿ ಅನ್ನನಾಳದ ಮುಂಭಾಗ ಒತ್ತಿಹೋಗಿರುವುದು ಈ ದೋಷದ ವಿಶಿಷ್ಟ ಗುರುತು. ಈಗ ಎಕೋ ಮತ್ತು ಸಿ.ಟಿ. ಪರೀಕ್ಷೆಗಳು ಧಮನಿಯನ್ನೇ ತೋರಿಸುತ್ತವೆ. ಚಿಕಿತ್ಸೆ ಶಸ್ತ್ರಕ್ರಿಯೆಯೇ. ಧಮನಿಯನ್ನು ಬೇರ್ಪಡಿಸಿ ಶ್ವಾಸನಾಳದ ಮುಂದೆ ತಂದು ಮೂಲ ಧಮನಿಗೆ ಹೊಲಿಯುತ್ತಾರೆ. ನಾಳ ಕಿರಿದಾಗಿದ್ದರೆ ಅದನ್ನೂ ಹಿಗ್ಗಿಸಬೇಕಾಗುತ್ತದೆ. ಷಿಕಾಗೋದ ಡಾಕ್ಟರ್ ವಿಲ್ಲಿಸ್ ಪಾಟ್ಸ್ ಅವರು ಇಂತಹ ಮೊದಲ ಯಶಸ್ವೀ ಶಸ್ತ್ರಕ್ರಿಯೆಯನ್ನು 1954ರಲ್ಲಿ ಪ್ರಕಟಿಸಿದರು.

ಒಂದು ಕವಲು ಹುಟ್ಟಿನಿಂದಲೇ ಇಲ್ಲದಿರುವುದೂ ಉಂಟು. ಅಂತಹವರು ಬಹುಕಾಲ ಆರೋಗ್ಯವಂತರಂತೆಯೇ ಕಂಡು, ಮುಂದೆ ಕಫದಲ್ಲಿ ರಕ್ತ ಕಾಣಿಸಿಕೊಳ್ಳಬಹುದು. ಕೇದಾರದಂತಹ ಎತ್ತರದ ಕ್ಷೇತ್ರಗಳ ಯಾತ್ರೆ ಅವರಿಗೆ ಅಪಾಯಕಾರಿ.

ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವ ಸರ್ಕಾರಿ ನಿಲೋಫರ್ ಆಸ್ಪತ್ರೆಯೂ, ಹೃದಯ ಶಸ್ತ್ರಕ್ರಿಯೆ ನಡೆಯುವ ಪಂಜಾಗುಟ್ಟದ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯೂ ನಮಗೆ ದೂರವಲ್ಲ. 2007ರಲ್ಲಿ ಆರಂಭವಾದ ಆರೋಗ್ಯಶ್ರೀ ಯೋಜನೆ ಇಲ್ಲಿನ ನಿವಾಸಿಗಳಿಗೆ; ಪಡಿತರ ಚೀಟಿಯನ್ನು ಊರಿನಲ್ಲಿಯೇ ಉಳಿಸಿಕೊಂಡಿರುವ ನಮ್ಮವರು ಈ ವಿಷಯವನ್ನು ಮುಂಚೆಯೇ ವಿಚಾರಿಸಿಕೊಳ್ಳುವುದು ಲೇಸು. ವೈದ್ಯರಲ್ಲಿಗೆ ಹೋಗುವಾಗ ಮಗುವಿನ ಸದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಹೋಗಿರಿ. ಆಸ್ಪತ್ರೆಯ ಕೊಠಡಿಯಲ್ಲಿ ಮಗು ಅನೇಕ ವೇಳೆ ಸದ್ದಿಲ್ಲದೆ ನಿದ್ರಿಸಿಬಿಡುತ್ತದೆ!