ತಾರಸಿಯ ಮೇಲಿನ ರೇಡಿಯೋ ಉಪಕರಣಗಳಿಗೆ ಭೂಸಂಪರ್ಕ ಹಾಗೂ ಸಿಡಿಲಿನಿಂದ ರಕ್ಷಣೆ

ತುಮಕೂರು ನಗರ, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಹವ್ಯಾಸಿ ರೇಡಿಯೋ, ನಿಸ್ತಂತು ಅಂತರ್ಜಾಲ ಹಾಗೂ ತುಮಕೂರಿನ ರೇಡಿಯೋ ಸಿದ್ಧಾರ್ಥದಂತಹ ಸಮುದಾಯ ಬಾನುಲಿಗಳಿಗೆ ಎತ್ತರದ ಆಂಟೆನಾ ಅವಶ್ಯಕ. ಇಂತಹ ಆಂಟೆನಾ ಕಂಬವು ಕಟ್ಟಡದ ಅತ್ಯಂತ ಎತ್ತರದ ಲೋಹದ ಭಾಗವಾಗಿರುವುದರಿಂದ ಸಿಡಿಲು ಬಡಿಯುವ ಸಾಧ್ಯತೆ ಅದಕ್ಕೇ ಹೆಚ್ಚು. ಈ ಭಾಗದಲ್ಲಿ ಮುಂಗಾರಿಗೆ ಮುನ್ನ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಾಗೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಗುಡುಗು ಸಹಿತ ಮಳೆ ಸಾಮಾನ್ಯ. ಆದ್ದರಿಂದ ಕಂಬ ನಿಲ್ಲಿಸುವ ಮೊದಲೇ ಭೂಸಂಪರ್ಕದ, ಅಂದರೆ ಅರ್ಥಿಂಗ್‌ನ, ವ್ಯವಸ್ಥೆ ಮಾಡಿಕೊಳ್ಳುವುದು ಸೂಕ್ತ.

ಭೂಸಂಪರ್ಕದ ಉದ್ದೇಶ

ಭೂಸಂಪರ್ಕವು ಸಿಡಿಲನ್ನು ತಡೆಯುವುದಿಲ್ಲ. ಅದನ್ನು ತನ್ನತ್ತ ಸೆಳೆಯುವುದೂ ಇಲ್ಲ. ಬಡಿದ ಸಿಡಿಲಿನ ವಿದ್ಯುತ್ತು ಮನೆಯೊಳಗೆ ಪ್ರವೇಶಿಸದೆ ಹೊರಗಿನಿಂದಲೇ ಭೂಮಿಗೆ ಸೇರುವಂತೆ ದಾರಿ ಮಾಡಿಕೊಡುವುದೇ ಇದರ ಉದ್ದೇಶ. ಸಿಡಿಲು ನೇರವಾಗಿ ಬಡಿಯದಿದ್ದರೂ ಸಮೀಪದಲ್ಲಿ ಬಿದ್ದಾಗ ಆಂಟೆನಾ ಕೇಬಲ್ ಮತ್ತು ವಿದ್ಯುತ್ ತಂತಿಗಳಲ್ಲಿ ಉಂಟಾಗುವ ಹೆಚ್ಚುವರಿ ವೋಲ್ಟೇಜಿನಿಂದ ಉಪಕರಣಗಳು ಹಾಳಾಗಬಹುದು. ಗುಬ್ಬಿ ಕಡೆಯ ತೆಂಗಿನ ತೋಟಗಳ ನಡುವಿನ ಮನೆಗಳಿಗೆ ಎತ್ತರದ ಮರಗಳು ರಕ್ಷಣೆ ನೀಡುತ್ತವೆ ಎಂದು ಭಾವಿಸಬಾರದು. ಮರಕ್ಕೆ ಬಡಿದ ಸಿಡಿಲು ಪಕ್ಕದ ಕಂಬಕ್ಕೂ ಹಾರಬಹುದು.

ಪ್ರತ್ಯೇಕ ಅರ್ಥಿಂಗ್: ಒಂದು ತಪ್ಪು ಕಲ್ಪನೆ

ಆಂಟೆನಾ ಕಂಬಕ್ಕೆ ಬೇರೆಯೇ ಗುಂಡಿ ತೆಗೆದು, ಅದನ್ನು ಮನೆಯ ವಿದ್ಯುತ್ ಅರ್ಥಿಂಗ್‌ಗೆ ಜೋಡಿಸದೆ ಬಿಡುವುದು ಹೆಚ್ಚು ಸುರಕ್ಷಿತವೆಂಬ ನಂಬಿಕೆ ಹಲವರಲ್ಲಿದೆ. ಇದು ಸರಿಯಲ್ಲ.

ಸಿಡಿಲಿನ ವಿದ್ಯುತ್ ಪ್ರವಾಹವು ಸಾಮಾನ್ಯವಾಗಿ ಸುಮಾರು 30,000 ಆಂಪಿಯರ್‌ನಷ್ಟಿರುತ್ತದೆ. ಕಂಬದ ಅರ್ಥಿಂಗ್‌ನ ರೋಧವು 10 ಓಮ್ ಇದ್ದಲ್ಲಿ, ಆ ಕ್ಷಣದಲ್ಲಿ ಕಂಬದ ವೋಲ್ಟೇಜು ಸುಮಾರು 3 ಲಕ್ಷ ವೋಲ್ಟ್‌ಗೆ ಏರುತ್ತದೆ. ಮನೆಯ ಅರ್ಥಿಂಗ್ ಮಾತ್ರ ಏರದೆ ಹಾಗೆಯೇ ಉಳಿಯುತ್ತದೆ. ರೇಡಿಯೋ ಉಪಕರಣವು ಆಂಟೆನಾ ಕೇಬಲ್ ಮೂಲಕ ಕಂಬಕ್ಕೂ, ಪ್ಲಗ್ಗಿನ ಮೂಲಕ ಮನೆಯ ಅರ್ಥಿಂಗ್‌ಗೂ ಸೇರಿರುವುದರಿಂದ ಈ ವ್ಯತ್ಯಾಸವೆಲ್ಲವೂ ಉಪಕರಣದ ಮೇಲೆ, ಅದನ್ನು ಮುಟ್ಟಿದವರ ಮೇಲೆ ಬೀಳುತ್ತದೆ. ಎರಡೂ ಅರ್ಥಿಂಗ್‌ಗಳನ್ನು ದಪ್ಪನೆಯ ವಾಹಕದಿಂದ ಜೋಡಿಸಿದ್ದಲ್ಲಿ ಅವು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಆದುದರಿಂದ ಕಟ್ಟಡದ ಎಲ್ಲಾ ಅರ್ಥಿಂಗ್‌ಗಳನ್ನು ಪರಸ್ಪರ ಜೋಡಿಸತಕ್ಕದ್ದು.

ಅಳವಡಿಸುವ ಕ್ರಮ

1. ಕಂಬದ ಬುಡದಿಂದ ಭೂಮಿಗೆ ಇಳಿಯುವ ವಾಹಕವು ಕನಿಷ್ಠ 16 ಚದರ ಮಿ.ಮೀ. ತಾಮ್ರದ್ದಾಗಿರಬೇಕು ಅಥವಾ 25 ಮಿ.ಮೀ. ಅಗಲ ಹಾಗೂ 3 ಮಿ.ಮೀ. ದಪ್ಪದ ಜಿ.ಐ. ಪಟ್ಟಿಯಾಗಿರಬೇಕು.
2. ವಾಹಕವು ಕಟ್ಟಡದ ಹೊರಗೋಡೆಯ ಮೇಲೆ ನೇರವಾಗಿ ಇಳಿಯಬೇಕು. ಸುರುಳಿ ಸುತ್ತುವುದು, ಚೂಪಾಗಿ ಬಾಗಿಸುವುದು ಸಲ್ಲದು. ಸಿಡಿಲಿನ ಪ್ರವಾಹವು ಅತಿವೇಗವಾಗಿ ಏರುವುದರಿಂದ ತಿರುವುಗಳಲ್ಲಿ ಕಿಡಿ ಹಾರಿ ಬೇರೆ ದಾರಿ ಹಿಡಿಯಬಹುದು.
3. ಪೈಪ್ ಅರ್ಥಿಂಗ್‌ಗೆ ಕನಿಷ್ಠ 2.5 ಮೀಟರ್ ಉದ್ದದ ಜಿ.ಐ. ಪೈಪನ್ನು ಬಳಸತಕ್ಕದ್ದು. ಭೂಸಂಪರ್ಕದ ವಿವರಗಳು ಭಾರತೀಯ ಮಾನಕ ಐ.ಎಸ್. 3043ರಲ್ಲಿಯೂ, ಸಿಡಿಲು ರಕ್ಷಣೆಯ ವಿವರಗಳು ಐ.ಎಸ್./ಐ.ಇ.ಸಿ. 62305ರಲ್ಲಿಯೂ ಇವೆ.
4. ಕೇಬಲ್‌ನ ಹೊರಕವಚವನ್ನು ಮನೆಯನ್ನು ಪ್ರವೇಶಿಸುವ ಜಾಗದಲ್ಲಿಯೇ ಅರ್ಥಿಂಗ್‌ಗೆ ಜೋಡಿಸಿ, ಅಲ್ಲಿ ಸರ್ಜ್ ಅರೆಸ್ಟರ್ ಅಳವಡಿಸಬೇಕು. ಮೈನ್ ಸ್ವಿಚ್ ಬಳಿಯೂ ಸರ್ಜ್ ರಕ್ಷಕ ಇರುವುದು ಉತ್ತಮ.
5. ನ್ಯೂಟ್ರಲ್ ತಂತಿ, ಅಡುಗೆ ಅನಿಲದ ಪೈಪು ಅಥವಾ ನೀರಿನ ನಲ್ಲಿಯನ್ನು ಅರ್ಥಿಂಗ್ ಆಗಿ ಬಳಸಬಾರದು.

ಸ್ಥಳೀಯ ಮಣ್ಣಿನ ಗುಣ

ಕೆರೆಯ ಸಮೀಪದ ತೇವದ ಜಮೀನಿನಲ್ಲಿ ಒಂದೇ ಪೈಪಿನಿಂದ ಉತ್ತಮ ಅರ್ಥಿಂಗ್ ದೊರೆಯಬಹುದು. ಆದರೆ ಒಣ ಕೆಂಪು ಮಣ್ಣಿನ ಹಾಗೂ ಸ್ವಲ್ಪ ಆಳದಲ್ಲಿಯೇ ಬಂಡೆ ಸಿಗುವ ಜಾಗಗಳಲ್ಲಿ ರೋಧವು ಅಧಿಕವಾಗಿರುತ್ತದೆ. ಅಂತಹ ಕಡೆ ಎರಡು ಅಥವಾ ಮೂರು ಪೈಪುಗಳನ್ನು ಅವುಗಳ ಉದ್ದಕ್ಕಿಂತ ಕಡಿಮೆಯಿಲ್ಲದ ಅಂತರದಲ್ಲಿ ಹೂತು, ಒಂದಕ್ಕೊಂದು ಜೋಡಿಸಬೇಕು. ಬಂಡೆಯಿಂದಾಗಿ ಆಳಕ್ಕೆ ಇಳಿಸಲಾಗದಿದ್ದಲ್ಲಿ, ಸುಮಾರು ಅರ್ಧ ಮೀಟರ್ ಆಳದ ಕಾಲುವೆಯಲ್ಲಿ ಜಿ.ಐ. ಪಟ್ಟಿಯನ್ನು ಅಡ್ಡಲಾಗಿ ಹೂಳಬಹುದು. ಇದ್ದಿಲು ಹಾಗೂ ಉಪ್ಪು ತುಂಬಿಸುವ ರೂಢಿಯಿದ್ದರೂ ಉಪ್ಪಿನಿಂದ ಪೈಪು ಬೇಗ ತುಕ್ಕು ಹಿಡಿಯುತ್ತದೆ. ಬೆಂಟೊನೈಟ್ ಜೇಡಿ ಹೆಚ್ಚು ಬಾಳಿಕೆ ಬರುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಬೇಕು. ಮುಂಗಾರಿಗೆ ಮುನ್ನ ವರ್ಷಕ್ಕೊಮ್ಮೆ ರೋಧವನ್ನು ಅಳೆಯಿಸಿ, ಅದು 10 ಓಮ್ ಮೀರದಂತೆ ನೋಡಿಕೊಳ್ಳಬೇಕು.

ಗುಡುಗು ಮಿಂಚಿನ ಸಮಯದಲ್ಲಿ

ಉತ್ತಮ ಅರ್ಥಿಂಗ್ ಇದ್ದರೂ ಮೋಡ ಕವಿಯುವ ಮೊದಲೇ ಆಂಟೆನಾ ಕೇಬಲ್ ಹಾಗೂ ಪ್ಲಗ್ಗನ್ನು ಕಳಚಿಡಬೇಕು. ಮಿಂಚು ಕಂಡ 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ ಎಂದರ್ಥ. ಆ ನಂತರ ಕೇಬಲ್ ಮುಟ್ಟುವುದಾಗಲಿ, ತಾರಸಿಗೆ ಹೋಗುವುದಾಗಲಿ ಪ್ರಾಣಾಪಾಯಕರ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ‘ದಾಮಿನಿ’ ಮೊಬೈಲ್ ಆ್ಯಪ್‌ನಲ್ಲಿ ಸಿಡಿಲಿನ ಮುನ್ನೆಚ್ಚರಿಕೆ ದೊರೆಯುತ್ತದೆ.

ಅರ್ಜಿದಾರರ ಗಮನಕ್ಕೆ

ಹವ್ಯಾಸಿ ರೇಡಿಯೋ ಕೇಂದ್ರಕ್ಕೆ ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮತಿ ಅವಶ್ಯಕ. ಅನುಮತಿ ದೊರೆತ ಮಾತ್ರಕ್ಕೆ ಮನೆಯ ಅರ್ಥಿಂಗ್ ಸುರಕ್ಷಿತವಾಗಿದೆ ಎಂದು ಅರ್ಥವಲ್ಲ. ಅದರ ಹೊಣೆ ಮಾಲೀಕರದು. ಅರ್ಥಿಂಗ್ ಕಾಮಗಾರಿಯನ್ನು ಅಧಿಕೃತ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಕಂಬವು ಬಿದ್ದರೂ ವಿದ್ಯುತ್ ಮಾರ್ಗವನ್ನು ತಾಗದಷ್ಟು ದೂರದಲ್ಲಿ ಅದನ್ನು ನಿಲ್ಲಿಸಬೇಕು. ಮನೆಯ ಸಮೀಪ ವಿದ್ಯುತ್ ಮಾರ್ಗ ಹಾದುಹೋಗಿದ್ದಲ್ಲಿ, ಕಂಬ ನಿಲ್ಲಿಸುವ ಮುನ್ನ ಆಯಾ ವ್ಯಾಪ್ತಿಯ ಬೆಸ್ಕಾಂ ಕಚೇರಿಯಲ್ಲಿ ವಿಚಾರಿಸಬಹುದು ಅಥವಾ ಸಹಾಯವಾಣಿ 1912ಕ್ಕೆ ಕರೆ ಮಾಡಬಹುದು. ಬಾಡಿಗೆ ಕಟ್ಟಡದಲ್ಲಿರುವವರು ಮಾಲೀಕರ ಲಿಖಿತ ಒಪ್ಪಿಗೆ ಪಡೆದು, ಗುತ್ತಿಗೆದಾರರು ನೀಡುವ ರೋಧ ಪರೀಕ್ಷೆಯ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.