ಚೀಲಕ್ಕೆ ಕಟ್ಟಿದ ಚೀಟಿ

ಗದಗಿನ ಪೇಟೆಗೆ ಬರುವ ಶೇಂಗಾದ ಚೀಲಕ್ಕೆ ಗುರುತಿನ ಚೀಟಿ ಒಂದಿದ್ದರೆ ಸಾಕು. ಒಂದೊಂದು ಕಾಯಿಗೂ ಚೀಟಿ ಕಟ್ಟುವವರಿಲ್ಲ. ಗಣಕಯಂತ್ರದಲ್ಲಿ ಅಂಶಗಳನ್ನು ಸಾಲಾಗಿ ತುಂಬಿಡುವ ಸರಣಿಯೂ, ಎಂದರೆ 'ಅರೇ'ಯೂ, ಇಂತಹುದೇ. ಒಳಗಿರುವುದು ಯಾವ ಬಗೆಯದೆಂಬ ಗುರುತನ್ನು ಇಡಿಯ ಸರಣಿಗೆ ಒಂದೇ ಸಲ ಬರೆದಿಡಲಾಗುವುದು.

ಈ ಗುರುತು ಏಕೆ ಬೇಕು? ಯಂತ್ರದ ನೆನಪಿನಲ್ಲಿರುವುದು ಸೊನ್ನೆ ಮತ್ತು ಒಂದುಗಳ ಸಾಲು ಮಾತ್ರ. ಯೂನಿಕೋಡ್ ಪದ್ಧತಿಯಲ್ಲಿ 'ಗ' ಅಕ್ಷರದ ಕ್ರಮಾಂಕ 3223. ಅದೇ ಸಾಲನ್ನು ಅಕ್ಷರವೆಂದು ಓದಿದರೆ ಗದಗಿನ ಮೊದಲಕ್ಷರ. ಅಂಕಿಯೆಂದು ಓದಿದರೆ ಮೂರು ಸಾವಿರದ ಇನ್ನೂರ ಇಪ್ಪತ್ತಮೂರು. ಇದನ್ನು ತೀರ್ಮಾನಿಸುವುದು ಚೀಟಿಯೇ.

ಕೆನೆಡಾದ ಗಣಿತಜ್ಞ ಕೆನೆತ್ ಐವರ್ಸನ್ 1962ರಲ್ಲಿ ಪ್ರಕಟಿಸಿದ ಗ್ರಂಥದಿಂದ ಹುಟ್ಟಿದ ಎ.ಪಿ.ಎಲ್. ಭಾಷೆಯು ಸರಣಿಗಳನ್ನೇ ಮೂಲದ್ರವ್ಯವಾಗಿ ಹಿಡಿದ ಭಾಷೆ. ಅದರಲ್ಲಿ ಹೆಸರುಗಳ ಬಗೆಯನ್ನು ಮುಂಚಿತವಾಗಿ ಸಾರಬೇಕಾಗಿಲ್ಲ. ಈಗ ಮಳೆಯ ಅಳತೆಯನ್ನು ಹೊತ್ತ ಹೆಸರೇ ಮುಂದಿನ ಸಾಲಿನಲ್ಲಿ ಊರಿನ ಹೆಸರನ್ನು ಹೊರಬಹುದು. ಆದುದರಿಂದ ಕಾರ್ಯಕ್ರಮವು ನಡೆಯುತ್ತಿರುವಾಗಲೇ 'ನೀನು ಯಾವ ಬಗೆ?' ಎಂದು ಸರಣಿಯನ್ನು ಕೇಳುವ ಉಪಾಯ ಬೇಕಾಯಿತು. ಡಯಾಲಾಗ್ ಎಂಬ ಎ.ಪಿ.ಎಲ್.ನಲ್ಲಿ ಈ ಪ್ರಶ್ನೆಗೆ 'ಕ್ವಾಡ್ ಡಿ.ಆರ್.' ಎಂದು ಹೆಸರು.

ಉದಾಹರಣೆಗಾಗಿ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಒಂದು ದಿನದ ಮಳೆ 12, 9, 100, 30 ಮಿಲಿಮೀಟರ್ ಎಂದು ಕಲ್ಪಿಸಿಕೊಳ್ಳೋಣ. ಈ ಸರಣಿಯನ್ನು ಕೇಳಿದರೆ ಬರುವ ಉತ್ತರ 83. ಇದನ್ನು ಎಂಬತ್ತಮೂರು ಎಂದು ಓದಬಾರದು. ಎಂಟು ಮತ್ತು ಮೂರು ಎಂದು ಬಿಡಿಸಬೇಕು. ಪ್ರತಿ ಅಂಶಕ್ಕೂ 8 ಬಿಟ್‌ಗಳು. ಕೊನೆಯ 3 ಎಂದರೆ ಪೂರ್ಣಾಂಕ. ಶಿರಹಟ್ಟಿಯ ಮಳೆ 140 ಆಗಿದ್ದರೆ ಅದು 8 ಬಿಟ್‌ಗಳಲ್ಲಿ ಹಿಡಿಸದು, ಏಕೆಂದರೆ ಋಣಸಂಖ್ಯೆಗಳಿಗೂ ಎಡೆಯಿರಬೇಕಾದುದರಿಂದ ಅಲ್ಲಿನ ಮೇಲ್ಮಿತಿ 127. ಆಗ ಇಡಿಯ ಸರಣಿಯೇ 163 ಆಗುವುದು. 'ಗದಗ' ಎಂಬ ಪದವನ್ನು ಕೇಳಿದರೆ 160. ಸೊನ್ನೆಯು ಅಕ್ಷರದ ಗುರುತು. ಅದೇ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ 80! ಕನ್ನಡದ ಅಕ್ಷರಗಳ ಕ್ರಮಾಂಕಗಳು ದೊಡ್ಡವಾದುದರಿಂದ ಅವಕ್ಕೆ ಇಮ್ಮಡಿ ಸ್ಥಳ ಬೇಕು.

ಮುಂಡರಗಿಯ ಅಳತೆ ಸಿಕ್ಕಲಿಲ್ಲವೆಂದು ಯಾರೋ ಆ ಮನೆಯಲ್ಲಿ 'ಇಲ್ಲ' ಎಂದು ಬರೆದರೆನ್ನಿ. ಎ.ಪಿ.ಎಲ್. ಇದನ್ನು ಮಿಶ್ರ ಸರಣಿಯಾಗಿ ಇರಿಸಿಕೊಂಡು 326 ಎನ್ನುವುದು. ಕೂಡಲು ಹೇಳಿದೊಡನೆ ತಪ್ಪೆಂದು ನಿಲ್ಲುವುದು. ಪೈಥಾನ್ ಭಾಷೆಗೆ ಸರಣಿಗಳನ್ನು ಒದಗಿಸುವ ನಂಪೈಯ ದಾರಿ ಬೇರೆ. ಅದು ಸದ್ದಿಲ್ಲದೆ ಉಳಿದ ಮೂರು ಅಂಕಿಗಳನ್ನೂ ಅಕ್ಷರಗಳನ್ನಾಗಿ ಮಾಡಿಬಿಡುವುದು. ಬಳಿಕ ಏರಿಕೆಯ ಕ್ರಮದಲ್ಲಿ ಜೋಡಿಸಿದರೆ 100, 12, 9 ಎಂದು ನಿಘಂಟಿನ ಕ್ರಮ ಬರುವುದು! ಅತಿ ಹೆಚ್ಚು ಮಳೆ ಬಿದ್ದ ಊರು ಅತಿ ಕಡಿಮೆಯದರ ಸ್ಥಾನದಲ್ಲಿ ಕುಳಿತಿರುತ್ತದೆ. ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಟ್ಟಿರುವುದಿಲ್ಲ. ತಟ್ಟನೆ ನಿಲ್ಲುವ ಯಂತ್ರವೇ ನಮಗೆ ಹೆಚ್ಚು ಹಿತವಾದುದೆಂದು ತೋರುತ್ತದೆ. ನಂಪೈಯಲ್ಲಿಯೂ ಮೊದಲೇ 'ಡಿಟೈಪ್' ಏನೆಂದು ಕೇಳಿದ್ದರೆ ಗುಟ್ಟು ಹೊರಬೀಳುತ್ತಿತ್ತು.

ಆದರೆ ಚೀಟಿಯು ಹೇಳುವುದು ಅಂಶಗಳನ್ನು ಇರಿಸಿದ ರೀತಿಯನ್ನೇ ಹೊರತು ಅವುಗಳ ಅರ್ಥವನ್ನಲ್ಲ. 1972ರಲ್ಲಿ ಬಳಕೆಗೆ ಬಂದ ಅಂಚೆಯ ಪಿನ್‌ಕೋಡುಗಳನ್ನೇ ನೋಡಿರಿ. ಲಕ್ಷ್ಮೇಶ್ವರದ್ದು 582116, ಶಿರಹಟ್ಟಿಯದು 582120. ಡಯಾಲಾಗ್ ಎರಡನ್ನೂ 323, ಎಂದರೆ 32 ಬಿಟ್‌ಗಳ ಪೂರ್ಣಾಂಕ, ಎಂದು ಗುರುತಿಸುವುದು. ಸರಾಸರಿ ಕೇಳಿದರೆ ಹಿಂದುಮುಂದು ನೋಡದೆ 582118 ಎನ್ನುವುದು. ಅದು ಮುಂಡರಗಿಯ ಪಿನ್‌ಕೋಡು! ಇದೇ ಪಿನ್‌ಕೋಡುಗಳನ್ನು ಉದ್ಧರಣ ಚಿಹ್ನೆಗಳ ನಡುವೆ ಅಕ್ಷರಗಳಾಗಿ ಬರೆದಿಟ್ಟರೆ ಉತ್ತರ 80 ಆಗುವುದು. ಆಗ ಕೂಡಿಸೆಂದರೂ ಯಂತ್ರವು ಒಪ್ಪುವುದಿಲ್ಲ.