ತುರು ಕಾದವರ ಕಲ್ಲುಗಳು

ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು, ಹೋರಾಡಿ ಮಡಿದವನ ನೆನಪಿಗೆ ನಿಲ್ಲಿಸಿದ ಶಿಲ್ಪವೇ ತುರುಗೋಳಿನ ವೀರಗಲ್ಲು. ಕರ್ನಾಟಕದ ವೀರಗಲ್ಲುಗಳಲ್ಲಿ ಈ ಬಗೆಯವು ಹೇರಳ. ಸೊರಬ, ಶಿಕಾರಿಪುರ, ಹಾನಗಲ್ಲು ಸೀಮೆಯಲ್ಲಂತೂ ಗುಡಿಯ ಅಂಗಳ, ಕೆರೆ ಏರಿ, ಹೊಲದ ಬದು ಎನ್ನದೆ ಕಣ್ಣಿಗೆ ಬೀಳುತ್ತವೆ.

ಆ ಕಾಲಕ್ಕೆ ದನವೇ ಧನ. ಮಂದೆ ಕೈತಪ್ಪಿತೆಂದರೆ ಉಳುಮೆ, ಗೊಬ್ಬರ, ಹೈನು ಮೂರೂ ನಿಂತವು. ಶತ್ರುವನ್ನು ಬಗ್ಗಿಸಲು ಕೋಟೆಗೆ ಮುತ್ತಿಗೆ ಹಾಕುವುದಕ್ಕಿಂತ ಮೇಯುವ ಮಂದೆಗೆ ಕೈಹಾಕುವುದು ಸುಲಭ. ವಿರಾಟಪರ್ವದಲ್ಲಿ ಕೌರವರು ಮಾಡಿದ್ದೂ ಇದನ್ನೇ.

ಕಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂಕಣಗಳು. ಓದಬೇಕಾದ್ದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ: ಬಿಲ್ಲು ಎಳೆದ ಇಲ್ಲವೇ ಕತ್ತಿ ಗುರಾಣಿ ಹಿಡಿದ ವೀರ, ಎದುರಿಗೆ ಹಗೆಗಳು, ಪಕ್ಕದಲ್ಲಿ ಒತ್ತೊತ್ತಾಗಿ ನಿಂತ ದನಗಳು. ಜಾಗ ಸಾಲದ ಕಡೆ ಶಿಲ್ಪಿ ಬರೀ ತಲೆ, ಕೊಂಬುಗಳನ್ನು ಒಂದರ ಮೇಲೊಂದು ಬಿಡಿಸಿ ಇಡೀ ಮಂದೆಯನ್ನೇ ತೋರಿಸಿಬಿಡುತ್ತಾನೆ. ನಡುವೆ ಅಪ್ಸರೆಯರು ವೀರನನ್ನು ಕೈಹಿಡಿದು ಮೇಲಕ್ಕೆ ಒಯ್ಯುವ ನೋಟ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿದ್ದಾನೆ. ನಂದಿಯೂ ಪೂಜಾರಿಯೂ ಜೊತೆಗಿರುತ್ತಾರೆ. ನೆತ್ತಿಯಲ್ಲಿ ಸೂರ್ಯ ಚಂದ್ರರು, ಅವರಿರುವ ತನಕ ಈ ಕೀರ್ತಿ ಇರಲೆಂದು. ಅಂಕಣಗಳ ನಡುವಣ ಪಟ್ಟಿಯಲ್ಲಿ ಶಾಸನ. ‘ತುಱುವಂ ಮಗುಳ್ಚಿ’, ಅಂದರೆ ದನಗಳನ್ನು ಮರಳಿಸಿ ಸತ್ತನೆಂಬುದು ಇಂಥ ಶಾಸನಗಳ ತಿರುಳು. ಬರಹವೇ ಇಲ್ಲದ ಕಲ್ಲುಗಳೂ ಬೇಕಾದಷ್ಟಿವೆ.

ಹೊಯ್ಸಳರ ಕಾಲಕ್ಕೆ ಬಳಪದ ಕಲ್ಲಿನಲ್ಲಿ ಕುಸುರಿ ಹೆಚ್ಚಿತು. ಆದರೆ ಹಳೆಯ ಒರಟು ಕಲ್ಲುಗಳ ಕಸುವು ಅದರಲ್ಲಿಲ್ಲ.

ಗೌರವ ಕಲ್ಲಿಗೇ ಮುಗಿಯುತ್ತಿರಲಿಲ್ಲ. ಮಡಿದವನ ಮನೆಯವರಿಗೆ ಭೂಮಿ ಬಿಡುವ ವಾಡಿಕೆಯಿತ್ತು; ನೆತ್ತರುಗೊಡಗೆ, ಕಲ್ನಾಡು, ಬಾಳ್ಗಚ್ಚು ಎಂಬ ಹೆಸರುಗಳು ಶಾಸನಗಳಲ್ಲಿ ಸಿಗುತ್ತವೆ. ಸ್ಮಾರಕದ ಜೊತೆಗೆ ಸಂಸಾರಕ್ಕೂ ದಾರಿ ಮಾಡಿದ ಈ ಏರ್ಪಾಟು ಇಂದಿನ ಎಷ್ಟೋ ಪ್ರತಿಮೆಗಳಿಗಿಂತ ಮೇಲು. ಪ್ರಾಣಿಗೂ ಈ ಮರ್ಯಾದೆ ಸಂದಿದೆ: ಮದ್ದೂರು ತಾಲ್ಲೂಕಿನ ಆತಕೂರಿನ 949–50ರ ಕಲ್ಲು, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯದು. ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ದನಗಳನ್ನು ಹೀಗೆ ಊರವರು ಕಾದರೆ, ಅವು ಮೇಯುವ ಹುಲ್ಲುಗಾವಲುಗಳಿಗೆ, ಅಂದರೆ ಕಾವಲುಗಳಿಗೆ, ಮೈಸೂರು ಸೀಮೆಯಲ್ಲಿ ವ್ಯವಸ್ಥೆ ತಂದವರು ಅರಸರು: ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಆ ತಳಿಯ ದನಗಳನ್ನು ಇಂದಿಗೂ ಅಜ್ಜಂಪುರದ ಕೇಂದ್ರದಲ್ಲಿ ಸಾಕಲಾಗುತ್ತಿದೆ. ಕಾವಲುಗಳು ದನಗಳ ಜೊತೆಗೆ ಕೃಷ್ಣಮೃಗ, ತೋಳಗಳಿಗೂ ನೆಲೆಯಾದವು. ಚಳ್ಳಕೆರೆ ತಾಲ್ಲೂಕಿನಲ್ಲಿ ಕಾವಲುಗಳ ಸಾವಿರಾರು ಎಕರೆ ಈ ಶತಮಾನದಲ್ಲಿ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಅರಸರ ಹೆಸರು ಚರಿತ್ರೆಯಲ್ಲಿದೆ; ಅವರಿಗೂ ಎಷ್ಟೋ ಮುಂಚೆ ಮೇವಿನ ನೆಲದಲ್ಲಿ ಬಿದ್ದ ಸಾಮಾನ್ಯರ ಗುರುತು ಉಳಿದಿರುವುದು ಈ ಕಲ್ಲುಗಳಲ್ಲಿ ಮಾತ್ರ.

ಕೆಲವು ಊರುಗಳಲ್ಲಿ ವೀರಗಲ್ಲಿಗೆ ಎಣ್ಣೆ, ಕುಂಕುಮ ಹಚ್ಚಿ ಪೂಜಿಸುತ್ತಾರೆ. ಇನ್ನು ಕೆಲವೆಡೆ ಅದೇ ಬಟ್ಟೆ ಒಗೆಯುವ ಹಾಸು, ಮೋರಿಯ ಮುಚ್ಚಳ. ಊರಿನ ಕಲ್ಲಿಗೆ ಸುಣ್ಣವನ್ನಾಗಲಿ ಬಣ್ಣವನ್ನಾಗಲಿ ಬಳಿಯಬೇಡಿ. ಅಕ್ಷರ ಕಂಡರೆ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.